ಗುಳಿಗೆಯೊಳಗಿನ ಗುಳ್ಳೆ

ಕೈಗಾದ ರಿಯಾಕ್ಟರಿಗೆ ಹೋಗುವ ಇಂಧನದ ಗುಳಿಗೆ ಕಣ್ಣಿಗೆ ಅಂಥ ದೊಡ್ಡ ವಸ್ತುವೇನಲ್ಲ. ಕಂದು ಬೆರೆತ ಕಪ್ಪು ಬಣ್ಣ, ಒಂದೂವರೆ ಸೆಂಟಿಮೀಟರಿಗೆ ತುಸು ಕಡಿಮೆ ಅಡ್ಡಳತೆ, ಗಾತ್ರಕ್ಕೆ ಮೀರಿದ ತೂಕ. ಹೈದರಾಬಾದಿನ ನ್ಯೂಕ್ಲಿಯರ್ ಫ್ಯೂಯೆಲ್ ಕಾಂಪ್ಲೆಕ್ಸಿನಲ್ಲಿ ಯುರೇನಿಯಂ ಡೈಆಕ್ಸೈಡಿನ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಕುಲುಮೆಯಲ್ಲಿ ಸುಟ್ಟು ಮಾಡಿದ ಪಿಂಗಾಣಿ ಅದು. ಕರಗಬೇಕಾದರೆ 2,800 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಇಷ್ಟು ಮೊಂಡಾದ ಗಟ್ಟಿ ವಸ್ತುವಿನ ಹೊಟ್ಟೆಯಲ್ಲಿ ಗಾಳಿ ಹುಟ್ಟುತ್ತದೆ. ಬಿರುಕಿನಿಂದ ಒಳಗೆ ನುಗ್ಗಿದ ಗಾಳಿಯಲ್ಲ ಅದು. ನಿನ್ನೆ ಯುರೇನಿಯಂ ಆಗಿದ್ದದ್ದೇ ಇವತ್ತು ಗಾಳಿ.

ಯುರೇನಿಯಂ ಪರಮಾಣುವಿನ ಬೀಜ ನ್ಯೂಟ್ರಾನ್ ನುಂಗಿ ಎರಡಾಗಿ ಸಿಡಿದಾಗ ಹೋಳುಗಳು ಒಂದೇ ಥರ ಇರುವುದಿಲ್ಲ. ಒಮ್ಮೆ ಬೇರಿಯಂ, ಒಮ್ಮೆ ಸೀಸಿಯಂ, ಒಮ್ಮೆ ಮಾಲಿಬ್ಡಿನಂ, ಹೀಗೆ ನೂರಾರು ಬಗೆ. ನೂರು ವಿದಳನಗಳಾದರೆ ಅವುಗಳ ಬಾಬ್ತು ಇಪ್ಪತ್ತೈದು ಮೂವತ್ತು ಪರಮಾಣುಗಳು ಕ್ಸೆನಾನ್ ಅಥವಾ ಕ್ರಿಪ್ಟಾನ್ ಆಗಿ ಕೊನೆಗೊಳ್ಳುತ್ತವೆ. ಅದರಲ್ಲೂ ಕ್ಸೆನಾನಿನದೇ ಸಿಂಹಪಾಲು. ಉಳಿದ ಹೋಳುಗಳಿಗೆ ಹೇಗೋ ಒಂದು ನೆಲೆ ಸಿಗುತ್ತದೆ: ಕೆಲವು ಆಕ್ಸೈಡಿನಲ್ಲೇ ಬೆರೆತುಹೋಗುತ್ತವೆ, ಕೆಲವು ಲೋಹದ ಸಣ್ಣ ಕಣಗಳಾಗಿ ಮೂಲೆ ಹಿಡಿಯುತ್ತವೆ. ಕ್ಸೆನಾನಿಗೆ ಮಾತ್ರ ನಂಟರಿಲ್ಲ. ಆಮ್ಲಜನಕವೂ ಬೇಡ, ಯುರೇನಿಯಮ್ಮೂ ಬೇಡ. ಯಾರಿಗೂ ಎಲೆಕ್ಟ್ರಾನ್ ಕೊಡುವುದಿಲ್ಲ, ಯಾರಿಂದಲೂ ತೆಗೆದುಕೊಳ್ಳುವುದಿಲ್ಲ.

ಲೆಕ್ಕ ಹಾಕಿದರೆ ತಮಾಷೆಯಾಗಿದೆ. ಕೈಗಾದ 220 ಮೆಗಾವಾಟ್ ಘಟಕದಲ್ಲಿ 306 ಕೊಳವೆಗಳು, ಒಂದೊಂದರಲ್ಲಿ ಹನ್ನೆರಡು ಬಂಡಲ್. ಅರ್ಧ ಮೀಟರ್ ಉದ್ದದ ಒಂದು ಬಂಡಲಿನಲ್ಲಿ ಹತ್ತೊಂಬತ್ತು ಸರಳು, ಎಲ್ಲ ಸೇರಿ ಸುಮಾರು ಹದಿನೈದು ಕಿಲೋ ಆಕ್ಸೈಡ್. ಆ ಹದಿನೈದು ಕಿಲೋ ಹಿಡಿಯುವ ಜಾಗ ಒಂದೂವರೆ ಲೀಟರಿಗೂ ಕಡಿಮೆ. ಬಂಡಲ್ ತನ್ನ ಪಾಲಿನ ಕೆಲಸ ಮುಗಿಸಿ, ಒಂದು ವರ್ಷದ ಮೇಲೆ ಕೆಲವು ತಿಂಗಳು ಕಳೆದು ಹೊರಬರುವ ಹೊತ್ತಿಗೆ ಅದರೊಳಗೆ ಹುಟ್ಟಿದ ಜಡ ಅನಿಲವನ್ನೆಲ್ಲ ಬಿಡಿಸಿ, ತಣ್ಣಗೆ ಮಾಡಿ, ನಮ್ಮ ವಾತಾವರಣದ ಒತ್ತಡದಲ್ಲಿ ಅಳೆದರೆ ಎರಡೂವರೆಯಿಂದ ಮೂರು ಲೀಟರ್. ಒಂದೂವರೆ ಲೀಟರ್ ಕಲ್ಲಿನಲ್ಲಿ ಅದರ ಎರಡರಷ್ಟು ಗಾಳಿ! ಹೊರದೇಶಗಳ ಸಂವರ್ಧಿತ ಯುರೇನಿಯಂ ಇಂಧನ ಇದರ ಆರೇಳು ಪಟ್ಟು ಹೆಚ್ಚು ಸುಡುತ್ತದೆ. ಅಲ್ಲಿ ಗಾಳಿ ಗುಳಿಗೆಯ ಗಾತ್ರದ ಹತ್ತು ಪಟ್ಟನ್ನೂ ದಾಟುತ್ತದೆ. ಆದರೂ ಗುಳಿಗೆ ಒಡೆದು ಹೋಳಾಗುವುದಿಲ್ಲ, ಪುರಿಯ ಹಾಗೆ ಅರಳುವುದೂ ಇಲ್ಲ. ಬಹುಪಾಲು ಗಾಳಿ ಒಳಗೇ ಇದೆ. ಎಲ್ಲಿ ಇದೆ?

ಈ ಪ್ರಶ್ನೆಯ ಹಿಂದೆ ಒಂದು ತಲೆಮಾರಿಗಿಂತ ಹೆಚ್ಚು ಕಾಲ ವಿಜ್ಞಾನಿಗಳು ಬಿದ್ದಿದ್ದಾರೆ. ಅವರು ಕಂಡುಕೊಂಡದ್ದನ್ನು ಓದುತ್ತ ಹೋದರೆ ಗಾಳಿಗಿಂತ ಖಾಲಿ ಜಾಗವೇ ಈ ಕಥೆಯ ನಾಯಕ ಅನ್ನಿಸುತ್ತದೆ.

ಸ್ಫಟಿಕದೊಳಗೆ ಪರಮಾಣುಗಳು ಸಾಲು ತಪ್ಪದೆ ಕೂತಿವೆ ಎಂದು ಶಾಲೆಯಲ್ಲಿ ಓದಿದ್ದೇವೆ. ಅಲ್ಲಲ್ಲಿ ಕೆಲವು ಸ್ಥಾನಗಳು ಬರಿದಾಗಿರುತ್ತವೆ. ಪಕ್ಕದ ಪರಮಾಣು ಆ ಬರಿದಾದ ಸ್ಥಾನಕ್ಕೆ ಸರಿದರೆ ಅದು ಕೂತಿದ್ದ ಜಾಗ ಖಾಲಿಯಾಗುತ್ತದೆ. ನೋಡುವವನಿಗೆ ಖಾಲಿ ಜಾಗವೇ ಒಂದು ಹೆಜ್ಜೆ ನಡೆದ ಹಾಗೆ. ಕ್ಸೆನಾನ್ ಪರಮಾಣು ದಪ್ಪ. ಆಕ್ಸೈಡಿನ ಸಾಲುಗಳ ನಡುವೆ ತೂರಿಕೊಂಡು ಹೋಗಲಾರದು. ಒಂದು ಯುರೇನಿಯಂ, ಎರಡು ಆಮ್ಲಜನಕ ಒಟ್ಟಿಗೆ ಎದ್ದುಹೋದ ಮೂರು ಸ್ಥಾನಗಳ ಗುಂಡಿಯಲ್ಲಿ ಅದು ಕೂರುತ್ತದೆ. ಅಲ್ಲಿಂದ ಮುಂದೆ ಸರಿಯಬೇಕೆಂದರೆ ಇನ್ನೊಂದು ಖಾಲಿ ಸ್ಥಾನ ನಡೆದು ಬಂದು ಪಕ್ಕದಲ್ಲಿ ನಿಲ್ಲಬೇಕು. ಹೀಗೆ ಖಾಲಿ ಜಾಗದ ಕೈಹಿಡಿದು ಅಲೆಯುವ ಕ್ಸೆನಾನ್ ಇನ್ನೊಂದು ಕ್ಸೆನಾನನ್ನು ಸಂಧಿಸಿದಾಗ ಗುಳ್ಳೆಗೆ ಮೊದಲಾಗುತ್ತದೆ. ಆ ಗುಳ್ಳೆ ಬೆಳೆಯುವುದಕ್ಕೂ ಗಾಳಿ ಬಂದು ತುಂಬಿದರೆ ಸಾಲದು. ಸುತ್ತಲಿನ ಕಲ್ಲು ಬಲೂನಿನ ರಬ್ಬರಿನ ಹಾಗೆ ಹಿಗ್ಗುವುದಿಲ್ಲವಲ್ಲ. ದೂರದಿಂದ ಖಾಲಿ ಸ್ಥಾನಗಳು ಒಂದೊಂದಾಗಿ ಬಂದು ಸೇರಿಕೊಂಡರಷ್ಟೇ ಒಳಗೆ ಜಾಗ ಹೆಚ್ಚುತ್ತದೆ. ಶೂನ್ಯಕ್ಕೆ ಶೂನ್ಯ ಕೂಡಿದರೆ ಇಲ್ಲಿ ಶೂನ್ಯ ದೊಡ್ಡದಾಗುತ್ತದೆ. ಈ ಹಂತದಲ್ಲಿ ಅಲ್ಲಮನನ್ನು ಕರೆತರುವ ಆಸೆ ಕನ್ನಡದಲ್ಲಿ ಬರೆಯುವ ಯಾರಿಗಾದರೂ ಆದೀತು. ನಾನು ಕರೆತರುವುದಿಲ್ಲ, ಅವನ ಬಯಲಿಗೆ ಪಿಂಗಾಣಿಯ ಸಾಕ್ಷಿ ಬೇಕಿಲ್ಲ, ಪಿಂಗಾಣಿಗೂ ಅವನ ಶಿಫಾರಸು ಬೇಕಿಲ್ಲ.

ಖಾಲಿ ಸ್ಥಾನಗಳು ಚುರುಕಾಗಿ ನಡೆಯಲು ಬಿಸಿ ಬೇಕು. ಗುಳಿಗೆಯ ನಡುಭಾಗ ಸಾವಿರ ಡಿಗ್ರಿಯನ್ನು ದಾಟಬಹುದು, ಅಂಚು ನಾನ್ನೂರರ ಆಸುಪಾಸು. ಅಂಚಿನ ತಂಪಿನಲ್ಲಿ ಖಾಲಿ ಸ್ಥಾನಗಳು ಬಂದು ಒದಗುವುದು ನಿಧಾನ. ಅಲ್ಲಿ ಗುಳ್ಳೆ ಇದ್ದಷ್ಟೇ ಜಾಗದಲ್ಲಿ ಇನ್ನಷ್ಟು, ಮತ್ತಷ್ಟು ಕ್ಸೆನಾನ್ ತುರುಕಿಕೊಳ್ಳುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹರಳುಗಳೊಳಗೆ ಕಾಣುವ ಗುಳ್ಳೆಗಳ ಅಡ್ಡಳತೆ ಒಂದೆರಡು ನ್ಯಾನೊಮೀಟರ್, ಅಂದರೆ ಒಂದೊಂದರಲ್ಲಿ ಇರುವುದು ಹತ್ತಾರು ಪರಮಾಣುಗಳು, ಹೆಚ್ಚೆಂದರೆ ನೂರರ ಸುತ್ತಮುತ್ತ. ಗುಳ್ಳೆ ಸಣ್ಣದಾದಷ್ಟೂ ಅದರ ಮೇಲ್ಮೈಯ ಎಳೆತ ಅದನ್ನು ಹೆಚ್ಚು ಹಿಂಡುತ್ತದೆ. ಒಂದು ನ್ಯಾನೊಮೀಟರ್ ತ್ರಿಜ್ಯದ ಗುಳ್ಳೆ ಮುಚ್ಚಿಹೋಗದೆ ಉಳಿಯಬೇಕಾದರೆ ಒಳಗಿನ ಅನಿಲ ವಾತಾವರಣದ ಹತ್ತು ಸಾವಿರ ಪಟ್ಟಿಗೂ ಮೀರಿದ ಒತ್ತಡದಲ್ಲಿ ಇರಬೇಕು. ಸಾಗರದ ತೀರಾ ಆಳದ ತಾಣ ಮರಿಯಾನ ಕಂದಕದ ತಳದಲ್ಲಿ ಇರುವುದು ಅದರ ಹತ್ತನೆಯ ಒಂದು ಭಾಗ.

ಆ ಒತ್ತಡದಲ್ಲಿ ಅನಿಲ ಅನಿಲವಾಗಿ ಉಳಿಯುವುದು ಕಷ್ಟ. ನಮ್ಮ ಒತ್ತಡದಲ್ಲಿ ಕ್ಸೆನಾನ್ ಗಟ್ಟಿಯಾಗಬೇಕಾದರೆ ಸೊನ್ನೆಗಿಂತ 112 ಡಿಗ್ರಿ ಕೆಳಗೆ ತಣಿಸಬೇಕು. 1984ರಲ್ಲಿ ಕೆಲವು ಪ್ರಯೋಗಾಲಯಗಳು ಅಲ್ಯೂಮಿನಿಯಮ್ಮಿನೊಳಕ್ಕೆ ಕ್ಸೆನಾನ್ ಅಯಾನುಗಳನ್ನು ಹೊಡೆದು ತುರುಕಿ ನೋಡಿದವು. ಕೋಣೆಯ ಉಷ್ಣತೆಯಲ್ಲೇ ಕ್ಸೆನಾನ್ ಹರಳುಗಟ್ಟಿ ಕೂತಿತ್ತು. ಅಷ್ಟೇ ಅಲ್ಲ, ಆ ಹರಳಿನ ಸಾಲುಗಳು ಸುತ್ತಲಿನ ಅಲ್ಯೂಮಿನಿಯಂ ಸಾಲುಗಳ ದಿಕ್ಕಿಗೇ ತಿರುಗಿದ್ದವು. ಯಾರ ಜೊತೆಗೂ ಸೇರದ ಅನಿಲ, ಸಿಕ್ಕಿಬಿದ್ದ ಮನೆಯ ಗೋಡೆ ನೋಡಿ ತನ್ನ ಸಾಲು ಹಚ್ಚಿಕೊಂಡಿತ್ತು. ಸುಟ್ಟ ಇಂಧನದ ಪುಟ್ಟ ಗುಳ್ಳೆಗಳಲ್ಲೂ ಕ್ಸೆನಾನಿನ ಸಾಂದ್ರತೆ ದ್ರವ ಕ್ಸೆನಾನನ್ನು ಮೀರಿಸುವಷ್ಟಿರುತ್ತದೆ ಎಂದು ಆಮೇಲಿನ ಅಳತೆಗಳು ತೋರಿಸಿವೆ. ನಾವು ಗುಳ್ಳೆ ಎನ್ನುತ್ತಿರುವುದು ಎಷ್ಟೋ ಕಡೆ ಗಾಳಿಯ ಹರಳು.

ನನಗೆ ಎಲ್ಲಕ್ಕಿಂತ ವಿಚಿತ್ರವಾಗಿ ಕಂಡದ್ದು ಈ ಗುಳ್ಳೆಗಳ ಆಯುಸ್ಸು. ವಿದಳನದ ಹೋಳು ಹುಟ್ಟಿದ ಕ್ಷಣದಲ್ಲಿ ಅಪಾರ ವೇಗದಲ್ಲಿ ಚಿಮ್ಮಿ, ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕೂ ಮೊದಲೇ ನಿಂತುಬಿಡುತ್ತದೆ. ಅಷ್ಟು ಚಿಕ್ಕ ಹಾದಿಯಲ್ಲಿ ಅದು ತನ್ನ ಶಕ್ತಿಯನ್ನೆಲ್ಲ ಸುರಿದುಬಿಡುವುದರಿಂದ, ಸೆಕೆಂಡಿನ ಲಕ್ಷ ಕೋಟಿಯ ಒಂದು ಭಾಗದಂಥ ಅವಧಿಯಲ್ಲಿ ದಾರಿಯ ಇಕ್ಕೆಲದ ಪರಮಾಣುಗಳು ಕುದಿದಂತಾಗಿ ಮತ್ತೆ ತಣಿಯುತ್ತವೆ. ಆ ದಾರಿಗೆ ಅಡ್ಡ ಸಿಕ್ಕ ಗುಳ್ಳೆ ಕರಗಿಹೋಗುತ್ತದೆ. ಒಳಗಿದ್ದ ಕ್ಸೆನಾನ್ ಚದುರಿ ಮತ್ತೆ ಕಲ್ಲಿನೊಳಗೆ ಒಂಟಿ. 1969ರಲ್ಲಿ ಹಾರ್ವೆಲ್‌ನ ನೆಲ್ಸನ್, 1971ರಲ್ಲಿ ಬರ್ಕ್ಲಿ ನ್ಯೂಕ್ಲಿಯರ್ ಪ್ರಯೋಗಾಲಯದ ಟರ್ನ್‌ಬುಲ್, ಇಬ್ಬರೂ ಇಂಗ್ಲೆಂಡಿನವರು, ಈ ನಾಶವನ್ನು ಎರಡು ಥರ ವಿವರಿಸಿದರು. ಪರಮಾಣುಗಳು ಒಂದೊಂದಾಗಿ ಏಟು ತಿಂದು ಗುಳ್ಳೆಯಿಂದ ಹೊರಬೀಳುತ್ತವೆ ಎಂಬುದು ಮೊದಲನೆಯವರ ವಾದ. ಇಡೀ ಗುಳ್ಳೆ ಒಂದೇ ಏಟಿಗೆ ಅಳಿಯುತ್ತದೆ ಎಂಬುದು ಎರಡನೆಯವರದು. ಟರ್ನ್‌ಬುಲ್ ತೋರಿಸಿದ ಚಿತ್ರಗಳಲ್ಲಿ ಗುಳ್ಳೆಗಳು ಕಂಡಕಂಡಲ್ಲಿ ಚೆಲ್ಲಿರಲಿಲ್ಲ, ನೇರ ಗೆರೆಗಳಲ್ಲಿ ಪೋಣಿಸಿದಂತೆ ಕೂತಿದ್ದವು. ಹಳೆಯ ಗುಳ್ಳೆಗಳನ್ನು ಅಳಿಸಿಹಾಕುತ್ತ ಹೋದ ಹೋಳು ತನ್ನ ಹಾದಿಯುದ್ದಕ್ಕೂ ಹೊಸ ಗುಳ್ಳೆಗಳಿಗೆ ಬೀಜ ಬಿತ್ತಿಕೊಂಡು ಹೋಗಿತ್ತು.

ಕೈಗಾದ ಸರಾಸರಿ ಶಕ್ತಿಯಲ್ಲಿ ಒಂದು ಗ್ರಾಮ್ ಆಕ್ಸೈಡಿನೊಳಗೆ ಸೆಕೆಂಡಿಗೆ ಸುಮಾರು ನಲವತ್ತು ಸಾವಿರ ಕೋಟಿ ವಿದಳನಗಳು ನಡೆಯುತ್ತವೆ. ಅದರ ಮೇಲೆ ಲೆಕ್ಕ ಕಟ್ಟಿದರೆ ಒಂದು ಪುಟ್ಟ ಗುಳ್ಳೆ ಏಟು ತಪ್ಪಿಸಿಕೊಂಡು ಬದುಕುವುದು ಹೆಚ್ಚೆಂದರೆ ಒಂದು ಗಂಟೆ. ಕಾರವಾರದಲ್ಲಿ ಬಸ್ಸು ಹತ್ತಿದವರು ಕಾಳಿಯ ದಂಡೆಗುಂಟ ಕೈಗಾ ಮುಟ್ಟುವುದರೊಳಗೆ ಗುಳ್ಳೆಗಳ ಒಂದು ತಲೆಮಾರು ಮುಗಿದಿರುತ್ತದೆ. ಅದೇ ಕೈಗಾದ ಮೊದಲ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಮ್ಮೆಯೂ ನಿಲ್ಲದೆ ಓಡಿ ಆಗ ವಿಶ್ವದಾಖಲೆ ಬರೆದಿತ್ತು. ಹೊರಗೆ ಅಷ್ಟು ನಿಶ್ಚಲವಾದ ಓಟ. ಒಳಗೆ ಗಂಟೆಗೊಮ್ಮೆ ಊರಿಗೆ ಊರೇ ಅಳಿದು ಹುಟ್ಟುವ ಗಡಿಬಿಡಿ. ಇನ್ನೂ ಸೋಜಿಗದ ಮಾತೆಂದರೆ, ಗುಳಿಗೆಯನ್ನು ಕಾಪಾಡಿದ್ದು ಈ ಗಡಿಬಿಡಿಯೇ. ಸುಟ್ಟ ಇಂಧನದ ಚೂರನ್ನು ರಿಯಾಕ್ಟರಿನಿಂದ ತೆಗೆದು, ಪ್ರಯೋಗಾಲಯದ ಕುಲುಮೆಯಲ್ಲಿ ಬರೀ ಬಿಸಿ ಮಾಡಿದರೆ ಗುಳ್ಳೆಗಳು ಒಂದೇ ಸಮನೆ ಊದಿಕೊಳ್ಳುತ್ತವೆ. ಅಲ್ಲಿ ಬಿಸಿ ಇದೆ, ಖಾಲಿ ಸ್ಥಾನಗಳು ನಡೆಯುತ್ತಿವೆ, ಆದರೆ ಹೊಡೆಯುವವರು ಇಲ್ಲ. ಅನಿಲವನ್ನು ಹುಟ್ಟಿಸಿದ ವಿದಳನವೇ ಅದನ್ನು ಒಂದೆಡೆ ಕೂಡಲು ಬಿಡದೆ ಚದುರಿಸಿ, ಕಲ್ಲನ್ನು ಅದರ ಒತ್ತಡದಿಂದ ಉಳಿಸಿತ್ತು. ಇದನ್ನು ಓದಿದ ಮೇಲೆ ನಾನು ಪುಸ್ತಕ ಮಡಚಿಟ್ಟು ಎದ್ದು ಹೋದದ್ದುಂಟು.

ಕ್ಸೆನಾನನ್ನು ಮೊದಲು ಕಂಡವರಿಗೆ ಇದೊಂದೂ ಗೊತ್ತಿರಲಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ರಾಮ್ಸೆ, ಮೋರಿಸ್ ಟ್ರಾವರ್ಸ್ ಇಬ್ಬರೂ 1898ರಲ್ಲಿ ದ್ರವಗಾಳಿಯನ್ನು ಹಂತಹಂತವಾಗಿ ಆವಿ ಮಾಡುತ್ತ ಕ್ರಿಪ್ಟಾನ್, ನಿಯಾನ್, ಕ್ಸೆನಾನ್ ಮೂರನ್ನೂ ಒಂದೇ ಬೇಸಿಗೆಯಲ್ಲಿ ಹಿಡಿದರು. ನಾವು ಉಸಿರಾಡುವ ಗಾಳಿಯ ಒಂದು ಕೋಟಿ ಅಣುಗಳಲ್ಲಿ ಕ್ಸೆನಾನ್ ಒಂದು ಕೂಡ ತುಂಬುವುದಿಲ್ಲ. ಕೈಗಾದ ಒಂದು ಬಂಡಲಿನಲ್ಲಿ ಹುಟ್ಟುವಷ್ಟು ಕ್ಸೆನಾನನ್ನು ಗಾಳಿಯಿಂದ ಹೆಕ್ಕಬೇಕಾದರೆ ಸುಮಾರು 25 ಸಾವಿರ ಘನ ಮೀಟರ್ ಗಾಳಿಯನ್ನು ಸೋಸಬೇಕು. ಈ ಇಬ್ಬರಿಗೂ ನಮಗೂ ಒಂದು ನಂಟಿದೆ. ಜೆಮ್‌ಷೆಟ್‌ಜಿ ಟಾಟಾ ಕಟ್ಟಬೇಕೆಂದಿದ್ದ ವಿಜ್ಞಾನ ಸಂಸ್ಥೆಗೆ ಜಾಗ ಸೂಚಿಸಲು ಬಂದು, ಊರೂರು ಸುತ್ತಿ, ಬೆಂಗಳೂರು ಆದೀತು ಎಂದವರು ರಾಮ್ಸೆ. 1906ರಲ್ಲಿ ಅದರ ಮೊದಲ ನಿರ್ದೇಶಕರಾಗಿ ಬಂದವರು ಟ್ರಾವರ್ಸ್. ನಮ್ಮ ಜನ ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಆ ಆವರಣದ ಮುಂದೆ ಹಾದುಹೋಗುವವರಲ್ಲಿ ಎಷ್ಟು ಮಂದಿಗೆ ಕ್ಸೆನಾನ್ ನೆನಪಾಗುತ್ತದೋ!

ರಾಮ್ಸೆಯ ಕಥೆಯಲ್ಲಿ ಇನ್ನೂ ಹಿಂದಿನ ಒಂದು ಎಳೆ ಇದೆ. 1895ರಲ್ಲಿ ಅವರು ಕ್ಲೀವೈಟ್ ಎಂಬ ಖನಿಜವನ್ನು ಆಮ್ಲದಲ್ಲಿ ಕುದಿಸಿದರು. ಅಂಥ ಖನಿಜಗಳಿಂದ ಯಾವುದೋ ಮಂಕು ಅನಿಲ ಬರುತ್ತದೆ ಎಂದು ಅಮೆರಿಕದ ಹಿಲ್ಲೆಬ್ರಾಂಡ್ ಮೊದಲೇ ಬರೆದಿದ್ದರು, ಅದನ್ನು ಸಾರಜನಕ ಎಂದು ತಿಳಿದಿದ್ದರು. ರಾಮ್ಸೆಗೆ ಸಿಕ್ಕಿದ್ದು ಹೀಲಿಯಂ. ಅಲ್ಲಿಯವರೆಗೆ ಸೂರ್ಯನ ಬೆಳಕಿನಲ್ಲಿ ಒಂದು ಹಳದಿ ಗೆರೆಯಾಗಿ ಮಾತ್ರ ಗೊತ್ತಿದ್ದ ಧಾತು. ಕ್ಲೀವೈಟ್ ಎಂದರೆ ಯುರೇನಿಯಂ ಆಕ್ಸೈಡಿನದೇ ಒಂದು ಬಗೆ. ವಿಕಿರಣಶೀಲತೆ ಗೊತ್ತಾಗುವುದಕ್ಕೆ ಒಂದು ವರ್ಷ ಮುಂಚೆ, ವಿದಳನ ಗೊತ್ತಾಗುವುದಕ್ಕೆ ನಾಲ್ಕು ದಶಕ ಮುಂಚೆ, ಯುರೇನಿಯಂ ಆಕ್ಸೈಡಿನ ಒಳಗೆ ಸಿಕ್ಕಿಬಿದ್ದ ಜಡ ಅನಿಲ ಒಂದು ಗಾಜಿನ ಕೊಳವೆಗೆ ಬಂದಿತ್ತು. ಅದು ಅಲ್ಲಿಗೆ ಹೇಗೆ ಬಂತು ಎಂದು ಕೇಳುವ ಭಾಷೆಯೇ ಆಗ ಇರಲಿಲ್ಲ.

ಮತ್ತೆ ಗುಳಿಗೆಗೆ ಬರೋಣ. ಏಟು ತಪ್ಪಿಸಿಕೊಳ್ಳುತ್ತ, ಒಡೆದು ಕೂಡುತ್ತ ಅಲೆಯುವ ಕ್ಸೆನಾನಿನ ಒಂದು ಪಾಲು ಕೊನೆಗೆ ಹರಳಿನ ಗಡಿಗೆ ಬಂದು ಮುಟ್ಟುತ್ತದೆ. ಗುಳಿಗೆ ಎಂದರೆ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟಿರುವ ಅಸಂಖ್ಯ ಹರಳುಗಳ ಒಟ್ಟಣೆ. ಎರಡು ಹರಳುಗಳ ನಡುವಿನ ಗಡಿಯಲ್ಲಿ ಅನಿಲಕ್ಕೆ ತುಸು ಆರಾಮ, ಗುಳ್ಳೆಗಳು ಅಲ್ಲಿ ಮಸೂರದ ಆಕಾರ ತಳೆದು ಹಿರಿದಾಗುತ್ತವೆ. ಸುಟ್ಟ ಇಂಧನವನ್ನು ಮುರಿದು ತೆಗೆದ ಒಂದು ಚಿತ್ರ ನನ್ನ ಕಣ್ಣಿಗೆ ಕಟ್ಟಿದೆ. ಗಡಿಗುಂಟ ಬಿರಿದ ಹರಳಿನ ಮುಖ, ಅದರ ತುಂಬ ಗುಂಡಿಗಳು. ಸೆಟ್ ದೋಸೆಯ ಮೇಲ್ಮೈ ಎಂದರೆ ನಂಬಬಹುದು. ಕೆಲವು ದುಂಡಗೆ, ಕೆಲವು ಪಕ್ಕದ್ದರೊಡನೆ ಬೆಸೆದು ಹುಳುವಿನ ಹಾಗೆ ಸೊಟ್ಟ, ಅಂಚಿನಲ್ಲಿ ಹರಳು ಹರಳು ಕೂಡುವಲ್ಲಿ ಗುಂಡಿಗಳೆಲ್ಲ ಒಂದಾಗಿ ಕೊರೆದ ಸುರಂಗ. ಆ ಸುರಂಗಗಳು ಒಂದಕ್ಕೊಂದು ಕೂಡಿಕೊಂಡು ಗುಳಿಗೆಯ ಹೊರಮೈಗೆ ದಾರಿ ಆದ ದಿನ ಅನಿಲ ಹೊರಬೀಳುತ್ತದೆ. ಅಲ್ಲಿಯವರೆಗೆ ತಿಂಗಳುಗಟ್ಟಲೆ ಏನೂ ಇಲ್ಲ.

ಈ ‘ಏನೂ ಇಲ್ಲ’ದ ಅವಧಿಯನ್ನು ಅಳೆದು ಕೊಟ್ಟದ್ದು ನಾರ್ವೆಯ ಹಾಲ್ಡನ್ ಎಂಬ ಪುಟ್ಟ ಊರು. ಗುಡ್ಡವನ್ನು ಕೊರೆದು ಒಳಗೆ ಕೂರಿಸಿದ್ದ ಅಲ್ಲಿಯ ಸಂಶೋಧನಾ ರಿಯಾಕ್ಟರ್ 1959ರಿಂದ ನಡೆದು 2018ರಲ್ಲಿ ಮುಚ್ಚಿತು. ಅದರ ಹಬೆ ಪಕ್ಕದ ಕಾಗದದ ಕಾರ್ಖಾನೆಗೆ ಹೋಗುತ್ತಿತ್ತು. ಇಂಧನದ ಸರಳಿನ ಒಳಗೇ ಉಷ್ಣತೆ, ಒತ್ತಡ ಅಳೆಯುವ ಉಪಕರಣ ಇಟ್ಟು, ಇಷ್ಟು ಸುಟ್ಟ ಮೇಲೆ ಇಂತಿಷ್ಟು ಬಿಸಿ ದಾಟಿದರೆ ನೂರಕ್ಕೆ ಒಂದು ಪಾಲು ಅನಿಲ ಹೊರಬರುತ್ತದೆ ಎಂಬ ಒಂದು ಗೆರೆಯನ್ನು 1970ರ ದಶಕದ ಕೊನೆಯಲ್ಲಿ ಅಲ್ಲಿಯ ವಿಜ್ಞಾನಿಗಳು ಎಳೆದರು. ಅದಕ್ಕೂ ಮೊದಲು, 1957ರಲ್ಲಿ, ಕೆನಡಾದ ಚಾಕ್ ರಿವರ್‌ನ ಬೂತ್ ಎಂಬಾತ ಈ ಹರಳು, ಗಡಿ, ಬಿರುಕು, ರಂಧ್ರಗಳ ಗೋಜಲನ್ನೆಲ್ಲ ಬದಿಗೆ ಸರಿಸಿ, ಇಡೀ ಇಂಧನವನ್ನು ಒಂದೇ ಅಳತೆಯ ಗೋಲಿಗಳ ರಾಶಿ ಎಂದುಕೊಂಡು ಲೆಕ್ಕ ಮಾಡಿದ್ದ. ಧೈರ್ಯ ಎಂದರೆ ಅದು. ಆ ಗೋಲಿ ಇವತ್ತಿನ ಕಂಪ್ಯೂಟರ್ ಲೆಕ್ಕಗಳಲ್ಲೂ ಉರುಳುತ್ತಿದೆ.

ಹೊರಬಂದ ಅನಿಲ ಮಾಡುವ ಕಿತಾಪತಿ ಬೇರೆ. ಗುಳಿಗೆಗೂ ಅದನ್ನು ಸುತ್ತಿದ ಜರ್ಕಲಾಯ್ ಕವಚಕ್ಕೂ ನಡುವೆ ಇರುವ ಕೂದಲೆಳೆಯ ಸಂದಿನಲ್ಲಿ ಹೀಲಿಯಂ ತುಂಬಿರುತ್ತಾರೆ, ಅದು ಶಾಖವನ್ನು ಚೆನ್ನಾಗಿ ದಾಟಿಸುತ್ತದೆ ಎಂದು. ಕ್ಸೆನಾನ್ ಶಾಖ ದಾಟಿಸುವುದು ಹೀಲಿಯಮ್ಮಿನ ಇಪ್ಪತ್ತೈದರಲ್ಲಿ ಒಂದು ಪಾಲು. ಅದು ಬೆರೆತಷ್ಟೂ ಗುಳಿಗೆಯ ಬಿಸಿ ಹೊರಹೋಗಲಾರದೆ ಒಳಗೆ ಏರುತ್ತದೆ. ಬಿಸಿ ಏರಿದರೆ ಇನ್ನಷ್ಟು ಕ್ಸೆನಾನ್ ಹೊರಗೆ. ಏನನ್ನೂ ಮಾಡದ, ಯಾರನ್ನೂ ಮುಟ್ಟದ ಅನಿಲ ಸುಮ್ಮನೆ ದಾರಿಯಲ್ಲಿ ನಿಂತೇ ಇಷ್ಟು ಮಾಡುತ್ತದೆ. ಮುಂಬೈನ ಟ್ರಾಂಬೆಯಲ್ಲಿ ದಪ್ಪ ಕಾಂಕ್ರೀಟ್ ಗೋಡೆ, ಸೀಸದ ಗಾಜಿನ ಕಿಟಕಿಯ ಆಚೆ, ಯಂತ್ರದ ಕೈಗಳಿಂದ ಸುಟ್ಟ ಸರಳಿಗೆ ತೂತು ಹೊಡೆದು ಒಳಗಿನ ಅನಿಲವನ್ನು ನಿರ್ವಾತದ ಪಾತ್ರೆಗೆ ಬಿಟ್ಟುಕೊಂಡು ಅಳೆಯುವುದು ಇದಕ್ಕಾಗಿಯೇ.

ಗುಳ್ಳೆಗಳು ನಡೆಯುತ್ತವೆ ಕೂಡ. ಹಾರ್ವೆಲ್‌ನ ಬಾರ್ನ್ಸ್ ಮತ್ತು ಮೇಜಿ 1963ರಲ್ಲಿ ತಾಮ್ರದೊಳಗಿನ ಹೀಲಿಯಂ ಗುಳ್ಳೆಗಳು ಸರಿದಾಡಿ ಒಂದರಲ್ಲೊಂದು ಲೀನವಾಗುವುದನ್ನು ಪ್ರಕಟಿಸಿದರು. ಫಾಸ್ಟ್ ರಿಯಾಕ್ಟರುಗಳ ಇಂಧನದಲ್ಲಿ ನಡು ಭಾಗ ತೀರಾ ಬಿಸಿ. ಅಲ್ಲಿ ದೊಡ್ಡ ರಂಧ್ರದ ಬಿಸಿ ಬದಿಯ ಆಕ್ಸೈಡ್ ಆವಿಯಾಗಿ, ಅದೇ ರಂಧ್ರವನ್ನು ದಾಟಿ, ತಂಪು ಬದಿಯಲ್ಲಿ ಕಟ್ಟಿಕೊಳ್ಳುತ್ತದೆ. ಮುಂದಿನ ಗೋಡೆ ಸವೆದು ಹಿಂದಿನ ಗೋಡೆ ಬೆಳೆಯುವುದರಿಂದ ರಂಧ್ರ ತಾನಾಗಿ ಬಿಸಿಯತ್ತ ಹೆಜ್ಜೆ ಹಾಕುತ್ತದೆ. ಸುತ್ತಲಿನ ರಂಧ್ರಗಳೆಲ್ಲ ಹೀಗೆ ನಡುವಿಗೆ ಬಂದು ಸೇರಿ, ತೂತಿಲ್ಲದೆ ಹೋದ ಗುಳಿಗೆಯ ನಡುವೆ ಉದ್ದಕ್ಕೂ ಒಂದು ತೂತು ಮೂಡುತ್ತದೆ. ರಂಧ್ರಗಳು ನಡೆದ ದಾರಿಯಲ್ಲಿ ಹರಳುಗಳು ಕಂಬಗಳಂತೆ ಉದ್ದುದ್ದ ನಿಂತಿರುತ್ತವೆ. ಆ ಕಂಬಗಳ ಅಡ್ಡಕೊಯ್ತದ ಚಿತ್ರ ಸೇವಂತಿಗೆಯ ಎಸಳುಗಳಷ್ಟೇ ಕ್ರಮಬದ್ಧ.

ಬಹುಕಾಲ ಸುಟ್ಟ ಇಂಧನದ ಅಂಚಿನಲ್ಲಿ ಇದಕ್ಕೆ ತದ್ವಿರುದ್ಧವಾದದ್ದು ಕಾಣುತ್ತದೆ. ಕೈಗಾದ ಇಂಧನ ಆ ಮಟ್ಟಕ್ಕೆ ಹೋಗುವುದಿಲ್ಲ. ಅದರ ಎಂಟೊಂಬತ್ತು ಪಟ್ಟು ಸುಡಬೇಕು. ಆಗ ತಂಪಾದ ಅಂಚಿನಲ್ಲಿ ಒಂದೊಂದು ಹರಳೂ ತಾನಾಗಿ ಸಾವಿರಾರು ಮರಿ ಹರಳುಗಳಾಗಿ ಒಡೆದು, ಕ್ಸೆನಾನನ್ನು ತನ್ನ ಮೈಯಿಂದ ಹೊರದೂಡಿ, ನಡುನಡುವೆ ಮೈಕ್ರಾನ್ ಗಾತ್ರದ ದುಂಡನೆಯ ರಂಧ್ರಗಳಲ್ಲಿ ತುಂಬಿಡುತ್ತದೆ. ಏಟಿನಿಂದ ಕೆಟ್ಟುಹೋಗಬೇಕಾದ ವಸ್ತು ಹೀಗೆ ಹೊಸ ವ್ಯವಸ್ಥೆಯೊಂದನ್ನು ಕಟ್ಟಿಕೊಳ್ಳುವುದೇಕೆ ಎಂಬ ಬಗ್ಗೆ ಬಲ್ಲವರ ನಡುವೆ ಇನ್ನೂ ಒಮ್ಮತವಿಲ್ಲ. ನನಗಂತೂ ಆ ಜಗಳ ಬೇಗ ಮುಗಿಯುವುದು ಬೇಕಿಲ್ಲ.

ಇಷ್ಟೆಲ್ಲ ಕೆಲವೇ ವರ್ಷಗಳ ಕಥೆ. ಆಫ್ರಿಕಾದ ಗ್ಯಾಬನ್ ದೇಶದ ಓಕ್ಲೊ ಗಣಿಯಲ್ಲಿ ಹತ್ತಿರ ಹತ್ತಿರ ಇನ್ನೂರು ಕೋಟಿ ವರ್ಷಗಳ ಹಿಂದೆ ಯುರೇನಿಯಂ ಅದಿರು ತಾನಾಗಿ ರಿಯಾಕ್ಟರಿನಂತೆ ಉರಿದಿತ್ತೆಂದು 1972ರಲ್ಲಿ ಫ್ರೆಂಚ್ ವಿಜ್ಞಾನಿಗಳು ಪತ್ತೆಮಾಡಿದರು. ಅಲ್ಲಿಯ ಒಂದು ಚೂರು ಕಲ್ಲನ್ನು ಅಮೆರಿಕದ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಲೆಕ್ಸ್ ಮೆಷಿಕ್ ಮತ್ತು ಸಂಗಡಿಗರು ಲೇಸರಿನಿಂದ ಕಣಕಣವಾಗಿ ಬಿಡಿಸಿ, ಹೊರಬಂದ ಕ್ಸೆನಾನಿನ ಐಸೊಟೋಪುಗಳನ್ನು ಎಣಿಸಿ, 2004ರಲ್ಲಿ ಒಂದು ಲೆಕ್ಕ ಕೊಟ್ಟರು: ಆ ರಿಯಾಕ್ಟರ್ ಅರ್ಧ ಗಂಟೆ ಉರಿದು, ತನ್ನ ನೀರನ್ನು ತಾನೇ ಕುದಿಸಿ ಓಡಿಸಿ, ಎರಡೂವರೆ ಗಂಟೆ ಆರಿ, ನೀರು ಮತ್ತೆ ಇಳಿದ ಮೇಲೆ ಮತ್ತೆ ಉರಿಯುತ್ತಿತ್ತು. ಭೂಮಿಯ ಮೇಲೆ ಗಿಡ ಮರ ಪ್ರಾಣಿ ಒಂದೂ ಇಲ್ಲದ ಕಾಲದ ಗಂಟೆ ನಿಮಿಷಗಳು! ಆ ಲೆಕ್ಕ ಕೊಟ್ಟ ಕ್ಸೆನಾನ್ ಸಿಕ್ಕಿದ್ದು ಯುರೇನಿಯಂ ಆಕ್ಸೈಡಿನಲ್ಲಲ್ಲ. ಪಕ್ಕದಲ್ಲಿದ್ದ ಅಲ್ಯೂಮಿನಿಯಂ ಫಾಸ್ಫೇಟಿನ ಕಣಗಳು ಅದನ್ನು ತಮ್ಮೊಳಗೆ ಇಟ್ಟುಕೊಂಡಿದ್ದವು. ಇನ್ನೂರು ಕೋಟಿ ವರ್ಷ ಕ್ಸೆನಾನನ್ನು ಬಿಡದೆ ಹಿಡಿದಿಟ್ಟ ಆ ಫಾಸ್ಫೇಟನ್ನು ನೋಡಿ, ಸುಟ್ಟ ಇಂಧನದ ಅನಿಲವನ್ನು ಮುಂದೆ ಇಂಥದ್ದರಲ್ಲೇ ಕೂಡಿಹಾಕಬಹುದೇನೋ ಎಂದು ಅದೇ ಸಂಶೋಧಕರು ಸೂಚಿಸಿದ್ದಾರೆ.